ತಾಳೆಯಾದ ದೂರ

ಎತ್ತಿದ ಸುತ್ತಿಗೆಯನ್ನು ಯೂಲ್ವಾ ಹಾಗೇ ಕೆಳಗಿಟ್ಟಳು. "ನಾನು ಹೊಡೆಯಲ್ಲ" ಎಂದಳು.

ಲುಂಡ್ ಊರಿನ ಖಗೋಳ ವಿಭಾಗದ ಪಡಸಾಲೆಯಲ್ಲಿ ಕಾಫಿ ಹಿಡಿದು ನಿಂತಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಅಲ್ಲಿನ ಪದ್ಧತಿಯಂತೆ ಡಾಕ್ಟರೇಟ್ ಪ್ರಬಂಧವನ್ನು ಮೊದಲು ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕು, ಕೆಲವು ವಾರ ಬಿಟ್ಟು ಪರೀಕ್ಷೆ. ಮೊಳೆ ಬಿದ್ದ ಮೇಲೆ ಒಂದಕ್ಷರ ತಿದ್ದುವ ಹಾಗಿಲ್ಲ. ಇಷ್ಟು ವರ್ಷ ಒದ್ದಾಡಿದವಳು ಇನ್ನೊಂದೇ ಏಟು ಬಾಕಿ ಇರುವಾಗ ಹೀಗೆ ನಿಂತುಬಿಡುವುದೇ?

"ಈಗೇನಾಯ್ತು ಮಾರಾಯ್ತಿ?" ಎಂದ ಅವಳ ಮಾರ್ಗದರ್ಶಕ ಸ್ಟೂರೆ. ತಲೆ ನರೆತ ಪ್ರೊಫೆಸರನಾದರೂ ಅಲ್ಲಿ ಅವನು ಎಲ್ಲರಿಗೂ ಬರೀ ಸ್ಟೂರೆ.

"ದೂರ ತಪ್ಪಿದೆ ಸ್ಟೂರೆ. ಪಕ್ಕದ ನಕ್ಷತ್ರಗಳಿಂದ ಬೆರೆತ ಬೆಳಕನ್ನ ಲೆಕ್ಕದಿಂದ ಎರಡು ಸಲ ಕಳೆದುಬಿಟ್ಟಿದೀನಿ. ಬೆಳಿಗ್ಗೆ ಗೊತ್ತಾಯ್ತು."

ಸ್ಟೂರೆ ಹಣೆ ಚಚ್ಚಿಕೊಂಡ. ಜಗಳ ಹಳೆಯದು. ಪ್ರಬಂಧವಿದ್ದದ್ದು ಒಂದು ನಕ್ಷತ್ರಗುಚ್ಛದ ದೂರದ ಮೇಲೆ; ಆ ಗುಚ್ಛದಲ್ಲಿ ಕೆಲವು ನಕ್ಷತ್ರಗಳು ಉಬ್ಬುತ್ತವೆ, ಕುಗ್ಗುತ್ತವೆ. ಒಂದು ಸಲ ಉಬ್ಬಿ ಕುಗ್ಗಲು ಹಿಡಿಯುವ ಹೊತ್ತಿನಿಂದ ಅವುಗಳ ನಿಜವಾದ ಪ್ರಕಾಶ ತಿಳಿಯುತ್ತದೆ, ಇಲ್ಲಿಂದ ನೋಡಿದಾಗ ಎಷ್ಟು ಮಂಕು ಎಂಬುದರಿಂದ ದೂರ ಸಿಗುತ್ತದೆ. ಸ್ಟೂರೆ ತನ್ನ ಪ್ರಾಯದಲ್ಲಿ ಅಳೆದು ಮೂವತ್ತು ಸಾವಿರ ಜ್ಯೋತಿರ್ವರ್ಷ ಎಂದಿದ್ದ, ಅದೇ ಪುಸ್ತಕಗಳಿಗೂ ಹೋಯಿತು. ಯೂಲ್ವಾಗೆ ಬಂದದ್ದು ಇಪ್ಪತ್ತೇಳು ಸಾವಿರ. ಅಲ್ಲಿಂದ ಶುರುವಾಯಿತು ಅವನ ಕಾಟ: ನಡುವಿನ ಧೂಳು ನೋಡು, ಕ್ಯಾಮೆರಾ ನೋಡು, ಪಕ್ಕದ ನಕ್ಷತ್ರ ನೋಡು. ಪಾಪ, ಅವಳು ನೋಡುತ್ತಲೇ ಹೋದಳು. ಲೆಕ್ಕ ಮೂವತ್ತಕ್ಕೆ ಬಂದ ದಿನ ಸ್ಟೂರೆ ಮೇಜು ಗುದ್ದಿ, "ಅಬ್ಬಾ, ಈಗ ಸರಿಯಾಯ್ತು, ಇನ್ನು ಸಾಕು" ಎಂದಿದ್ದ.

"ಎರಡು ಸಲ ಕಳೆದ್ರೆ ನಕ್ಷತ್ರ ಇರೋದಕ್ಕಿಂತ ಮಂಕಾಗುತ್ತೆ, ದೂರ ಜಾಸ್ತಿ ತೋರ್ಸುತ್ತೆ. ಒಂದೇ ಸಲ ಕಳೆದು ನೋಡ್ದೆ. ಮತ್ತೆ ಇಪ್ಪತ್ತೇಳು!"

"ಇವತ್ತೇ ಹುಡುಕಬೇಕಿತ್ತಾ ಅದನ್ನ?" ಸ್ಟೂರೆಗೆ ತಲೆ ಚಿಟ್ಟು ಹಿಡಿದಿತ್ತು. "ಚಿಲಿಯ ದೂರದರ್ಶಕದ ಕೆಲಸ ನಿನಗೋಸ್ಕರ ಕಾಯ್ತಾ ಇದೆ. ಡಿಗ್ರಿ ತಡ ಆದ್ರೆ ಇನ್ಯಾರಿಗೋ ಕೊಡ್ತಾರೆ. ಸುಮ್ನೆ ಮೊಳೆ ಹೊಡಿ. ಆಮೇಲೆ ಒಂದು ಲೇಖನ ಬರೆದು ತಿದ್ಕೊಂಡ್ರಾಯ್ತು."

"ಬೇಗ ಏನಾದ್ರೂ ಒಂದು ಹೇಳ್ರಪ್ಪಾ, ಕೇಕಿನ ಕೆನೆ ಕರಗ್ತಾ ಇದೆ" ಎಂದಳು ಆಫೀಸಿನ ಗುನ್‌ಬ್ರಿಟ್, ಚಾಕು ಹಿಡಿದು ನಿಂತವಳು.

ಯೂಲ್ವಾಗೆ ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು. "ಇಪ್ಪತ್ತೇಳು ಬಂದಾಗೆಲ್ಲ ತಪ್ಪು ಹುಡುಕು, ತಪ್ಪು ಹುಡುಕು ಅಂತ ನನ್ನ ಪ್ರಾಣ ತಿಂದೆ. ಮೂವತ್ತು ಬಂತು, ನೀನೂ ಸುಮ್ನಾದೆ, ನಾನೂ ಸುಮ್ನಾದೆ. ಆ ಮೂವತ್ತರಲ್ಲಿ ತಪ್ಪಿರಬಹುದು ಅಂತ ಇಬ್ಬರಿಗೂ ಹೊಳೀಲಿಲ್ವಲ್ಲ! ಚಿಲಿ ಹೋದ್ರೆ ಹೋಗ್ಲಿ. ಸುಳ್ಳು ಅಂತ ಗೊತ್ತಿದ್ದೂ ನಾನು ಇದನ್ನ ನೇತುಹಾಕಲ್ಲ."

ಅವಳು ಪ್ರಬಂಧವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ನಿಜಕ್ಕೂ ಹೊರಟೇಬಿಟ್ಟಳು ಎಂದು ಸ್ಟೂರೆಗೆ ಆಗ ಗೊತ್ತಾಯಿತು.

"ಹಾಗಾದ್ರೆ ನಾನು ಅಳೆದಿದ್ದೇ ತಪ್ಪು ಅಂತೀಯಾ?" ಎಂದು ದನಿ ಏರಿಸಿದ.

"ನಂಗೊತ್ತಿಲ್ಲ. ನೀನೇ ಹೇಳು, ನಿನ್ನ ಲೆಕ್ಕದಲ್ಲಿ ತಪ್ಪು ಹುಡುಕೋದನ್ನ ನೀನು ಯಾವತ್ತು ನಿಲ್ಲಿಸ್ದೆ?"

ಗುನ್‌ಬ್ರಿಟ್ ಚಾಕುವನ್ನು ಮೇಜಿನ ಮೇಲಿಟ್ಟಳು. ಸ್ಟೂರೆ ಯಾರ ಮುಖವನ್ನೂ ನೋಡದೆ, ಬಹಳ ಮೆಲ್ಲಗೆ ಹೇಳಿದ:

"ನನ್ನ ಲೆಕ್ಕ ನನಗೆ ಕಲಿಸಿದ ಪ್ರೊಫೆಸರ್ ಲೆಕ್ಕಕ್ಕೆ ತಾಳೆಯಾದ ದಿನ."