ದೀಪದ ಕೋಣೆಯ ಪರದೆ

"ಟಿಕೆಟ್ ಒಂದೇ ಸಾಕಮ್ಮ. ಇವರ ಮಂಡಿ ಮೊದಲನೇ ಮೆಟ್ಟಿಲಿಗೇ ಕೈಕೊಡುತ್ತೆ," ಎಂದು ಗೈಡ್ ಹೆಂಗಸಿಗೆ ಹೇಳಿದ ಮುದುಕಿ, ಗಂಡನನ್ನು ಕಡಲಂಚಿನ ದೀಪಸ್ತಂಭದ ಬುಡದ ಕಲ್ಲುಬೆಂಚಿನ ಮೇಲೆ ಕೂರಿಸಿ ನೀರಿನ ಬಾಟಲಿ ಕೈಗಿತ್ತಳು.

ಮೂವತ್ತೊಂದು ವರ್ಷ ಈ ದೀಪ ಕಾದವನು ಅವನು. ಅಷ್ಟೂ ವರ್ಷ ಬುಡದ ಮನೆಯಲ್ಲೇ ಸಂಸಾರ ಮಾಡಿದರೂ ಅವಳು ಒಂದು ದಿನ ಮೇಲೆ ಹತ್ತಿದವಳಲ್ಲ. ಮನೆಯವರು ದೀಪದ ಕೋಣೆಗೆ ಕಾಲಿಡಕೂಡದೆಂದು ನಿಯಮ; ಈತನೋ, ನಿಯಮ ಅಂದರೆ ಉಸಿರೂ ಕೇಳಿ ಬಿಡುವ ಆಸಾಮಿ. ಈಗ ದೀಪ ಆರಿ ಸ್ತಂಭ ನೋಡುವ ಜಾಗವಾಗಿದೆ, ಯಾರು ಬೇಕಾದರೂ ಹತ್ತಬಹುದು.

"ಅಲ್ಲೇನಿದೆ ಅಂತ ಹತ್ತುತೀಯಾ? ಸುಮ್ನೆ ಕಾಲುನೋವು," ಎಂದ ಮುದುಕ.

"ಏನಿದೆ ಅಂತಲೇ ನೋಡ್ಬೇಕು. ಮಗಳು ಹೋದ ಮೇಲೂ ನಿಮಗೆ ಅಲ್ಲಿಂದ ಇಳಿಯೋಕೆ ಪುರುಸೊತ್ತು ಸಿಗ್ಲಿಲ್ವಲ್ಲ."

ಅವನು ಬಾಟಲಿಯ ಮುಚ್ಚಳ ತಿರುವತೊಡಗಿದ. ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಾಗಲೂ ಹೀಗೇ, ತುಟಿ ಪಿಟಕ್ಕೆಂದಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಕೆಲಸಕ್ಕೆ ಹತ್ತಿದ್ದ. ಅವಳಿಗೆ ಅತ್ತೆಯೆದುರು ಅಳುವ ಹಾಗಿರಲಿಲ್ಲ. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ, ಇವನು ಮೇಲೆ ಗಾಜು ಒರೆಸುವ ಹೊತ್ತಿನಲ್ಲಿ, ಹಿತ್ತಲ ನೀರಿನ ತೊಟ್ಟಿಯ ಹಿಂದೆ ಕೂತು ಒಬ್ಬಳೇ ಅಳುತ್ತಿದ್ದಳು. ತಲೆಯೆತ್ತಿದರೆ ಮೇಲೆ ದೀಪದ ಕೋಣೆಯ ಸುತ್ತಲೂ ಪರದೆ ಎಳೆದಿರುತ್ತಿತ್ತು, ಯಾರೂ ನೋಡುವ ಭಯವಿರಲಿಲ್ಲ. ಇಂಥ ಕಲ್ಲಿನ ಜೊತೆ ಬಾಳಿದೆನಲ್ಲ ಎಂಬ ಸಂಕಟ ಮಾತ್ರ ನಲವತ್ತು ವರ್ಷವಾದರೂ ಎದೆಯಿಂದ ಇಳಿದಿರಲಿಲ್ಲ.

ನೂರಾ ನಲವತ್ತೆರಡು ಮೆಟ್ಟಿಲು. ನಡುನಡುವೆ ಕೂತು, ಎದ್ದು, ಸೊಂಟವನ್ನೂ ಗಂಡನನ್ನೂ ಬೈದುಕೊಂಡು ಹತ್ತುವಷ್ಟರಲ್ಲಿ ಅವಳು ಯಾರೆಂಬುದು ಜೊತೆಗೆ ಹತ್ತಿದ ಗೈಡ್ ಹೆಂಗಸಿಗೆ ಪೂರ್ತಿ ತಿಳಿದುಹೋಗಿತ್ತು. ಮೇಲಿನ ಕೋಣೆಯಲ್ಲಿ ಆಳೆತ್ತರದ ಗಾಜಿನ ದೀಪ, ಸುತ್ತ ಕಿಟಕಿ, ಕಿಟಕಿಗೆ ಬಿಳಿ ಪರದೆ.

"ಪರದೆ ಎಲ್ಲ ಆಗಿನವೇ ಅಜ್ಜಿ. ಹಗಲು ಎಳೀಲೇಬೇಕಿತ್ತು. ಇಲ್ಲಾಂದ್ರೆ ಈ ಗಾಜು ಬಿಸಿಲನ್ನ ಒಂದೇ ಕಡೆ ಸೇರಿಸಿ ಕೋಣೆಗೇ ಬೆಂಕಿ ಹಚ್ಚಿಬಿಡೋದು."

"ಗೊತ್ತಮ್ಮ. ಕೆಳಗಿಂದ ನಾನು ನೋಡಿದ್ದು ಇವನ್ನೇ ತಾನೇ."

"ಹಾಗಾದ್ರೆ ಇದೊಂದು ಹೇಳಿ. ಈ ಒಂದು ಪರದೇಲಿ ಮಾತ್ರ ಕಂಡಿ ಇದೆ. ಇಲಿ ಕಚ್ಚಿದ್ದಲ್ಲ, ಬೇಕಂತಲೇ ಕತ್ತರಿಸಿ ಸುತ್ತ ಹೊಲಿದಿದ್ದಾರೆ. ಯಾಕೋ ನಮ್ಮಲ್ಲಿ ಯಾರಿಗೂ ತಿಳೀದು."

ಕಾಸಗಲದ ಕಂಡಿ. ಬಿಳಿ ಬಟ್ಟೆಗೆ ಕರಿ ದಾರ, ದಪ್ಪ ದಪ್ಪ ಸೊಟ್ಟ ಹೊಲಿಗೆ. ಆ ಕೈ ಯಾರದೆಂದು ಅವಳಿಗೆ ಹೇಳಬೇಕಿರಲಿಲ್ಲ. ಅಂಗಿಯ ಗುಂಡಿಗೆ ಅವನು ಹಾಕಿದ ಇಂಥ ಹೊಲಿಗೆಯನ್ನು ನಕ್ಕು ನಕ್ಕು ಬಿಚ್ಚಿ, ತಾನೇ ಎಷ್ಟು ಸಲ ಹೊಲಿದುಕೊಟ್ಟಿದ್ದಳೋ. ಬಗ್ಗಿ ಕಣ್ಣಿಟ್ಟಳು. ಕಡಲು ಕಾಣಲಿಲ್ಲ. ಅವರ ಮನೆಯ ಹಿತ್ತಲು ಕಂಡಿತು, ನೀರಿನ ತೊಟ್ಟಿ ಕಂಡಿತು, ತೊಟ್ಟಿಯ ಹಿಂದೆ ಒಬ್ಬರು ಕೂರುವಷ್ಟು ಜಾಗ.

ಕೆಳಗಿಳಿದು ಗಂಡನ ಪಕ್ಕ ಕೂತವಳು ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಎರಡು ಗುಟುಕು ನೀರು ಕುಡಿದಳು.

"ದಿನಾ ನೋಡ್ತಿದ್ರಿ, ಅಲ್ವಾ?"

ಮುದುಕ ಹೌದೆಂದು ತಲೆಯಾಡಿಸಿದ.

"ನೋಡ್ತಾ ಕೂತವರು ಒಂದು ಸಲ, ಒಂದೇ ಒಂದು ಸಲ ಇಳಿದು ಬರಬಾರದಿತ್ತೇನ್ರೀ?"

"ನಾನು ಬಂದಿದ್ರೆ ನೀನು ಕಣ್ಣೊರೆಸ್ಕೊಂಡು ಎದ್ದುಬಿಡ್ತಿದ್ದೆ," ಎಂದ ಮುದುಕ. "ಅಳೋಕೆ ಅಂತ ನಿನಗಿದ್ದದ್ದು ಅದೊಂದೇ ಜಾಗ ಕಣೇ."