ಕೋಚ್ ಸರ್ ನಿದ್ದೆಯಲ್ಲಿದ್ದಾರೆ

ಒಗೆದು ಮಡಚಿದ ಜೆರ್ಸಿಯನ್ನು ಎದೆಗವಚಿಕೊಂಡು ಗುಬ್ಬಿ ಬಾಗಿಲಲ್ಲಿ ನಿಂತಾಗ, ಕೋಚ್ ಸರ್ ಊಟ ಮುಗಿಸಿ ಆರಾಮ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಅವರ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದರು.

"ಇದನ್ನ ಕೊಟ್ಟು ಹೋಗೋಣ ಅಂತ ಬಂದೆ ಅಮ್ಮಾ. ನಾಳೆ ನಾನು ಆಡಲ್ಲ."

"ನನಗ್ಯಾಕೆ ಹೇಳ್ತೀಯ? ಅವರಿಗೇ ಹೇಳು. ಕೂತ್ಕೋ, ಏಳ್ತಾರೆ."

ನಾಳೆ ಕಾಲೇಜು ತಂಡಕ್ಕೆ ಈ ವರ್ಷದ ಕೊನೆಯ ಪಂದ್ಯ. ಮೂವತ್ತು ವರ್ಷ ಫುಟ್‌ಬಾಲ್ ಕಲಿಸಿದ ಸರ್‌ಗೂ ಅದೇ ಕೊನೆಯದು. ಈ ಸಲ ಆಡಿದ್ದೆಲ್ಲ ಸೋಲೇ. ಹೋದ ವಾರದ್ದಾದರೂ ಸಮವಾಗಿ ಮುಗಿಯುವುದರಲ್ಲಿತ್ತು. ಚೆಂಡನ್ನು ಹೊರಗಟ್ಟಲು ಹೋಗಿ ಗುಬ್ಬಿ ತಮ್ಮದೇ ಗೋಲಿಗೆ ಹೊಡೆದುಬಿಟ್ಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ತಾನೇ ಎಂಬ ಸಂಕಟಕ್ಕೆ ಅವನು ಅಂದಿನಿಂದ ನೆಟ್ಟಗೆ ಉಂಡಿರಲಿಲ್ಲ.

ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು. ಅದರೊಡನೆ ನೆಲದ ಬಿಸಿಲೂ ಅಲುಗಿ, ಕೋಣೆಯೇ ಮೆಲ್ಲಗೆ ತೇಲಿದಂತಾಗಿ ಗುಬ್ಬಿಗೂ ಕಣ್ಣು ಎಳೆಯಿತು. ಆಗ ಸರ್ ಕಾಲು ಝಾಡಿಸಿದರು.

"ಎಡಕ್ಕೆ ಬಿಡೋ... ಎಡಕ್ಕೆ!" ಕಣ್ಣು ಮುಚ್ಚಿಯೇ ಇತ್ತು.

"ಶುರುವಾಯ್ತು," ಎಂದು ಹೆಂಡತಿ ಪಿಸುಗುಟ್ಟಿದರು. "ಮದುವೆಯಾದಾಗಿಂದ ನನಗೂ ಇದೇ ಮೈದಾನ. ಒಂದಿನ ನನ್ನನ್ನೇ ಗೋಲ್‌ಕೀಪರ್ ಮಾಡಿ ಮಂಚದಿಂದ ಬೀಳಿಸಿದ್ರು."

ಗುಬ್ಬಿ ಬಾಯಿ ಮುಚ್ಚಿಕೊಂಡು ನಕ್ಕ. ಬಹಳ ದಿನಗಳ ಮೇಲೆ ಬಂದ ನಗು.

"ಯಾಕ್ರೋ ಹತ್ತೇ ಜನ ಇದ್ದೀರಿ?" ಸರ್ ಹುಬ್ಬು ಗಂಟಿಕ್ಕಿದರು. "ಹಿಂದೆ ಯಾರೂ ಇಲ್ವಲ್ಲೋ. ಗುಬ್ಬಿ ಎಲ್ಲಿ?" ಅವರ ಕೈ ಗಾಳಿಯಲ್ಲಿ ತಡಕಾಡಿತು. "ಗುಬ್ಬೀ!"

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಕರೆಯನ್ನು ತಡೆದುಕೊಳ್ಳಲಾಗಲಿಲ್ಲ. ಜೆರ್ಸಿಯನ್ನು ಅಂಗಿಯ ಮೇಲೆಯೇ ಎಳೆದುಕೊಂಡು ಎದ್ದು ನಿಂತ.

"ಬಂದೆ ಸರ್. ಇಲ್ಲೇ ಇದ್ದೀನಿ."

"ಯಾವಾಗ್ಲೂ ಲೇಟು," ಸರ್ ಗೊಣಗಿದರು. "ಹೂಂ, ಆಡು." ಗಂಟಿಕ್ಕಿದ ಹುಬ್ಬು ಸಡಿಲವಾಯಿತು. ಬೆರಳುಗಳು ಕುರ್ಚಿಯ ತೋಳಿನ ಮೇಲೆ ಬೇಗ ಬೇಗ ಆಡತೊಡಗಿದವು.

ಗುಬ್ಬಿ ಕಣ್ಣೊರೆಸಿಕೊಂಡ. "ನಾಳೆ ಬರ್ತೀನಿ ಅಂತ ಹೇಳಿಬಿಡಿ ಅಮ್ಮಾ. ನಾನಿನ್ನು ಹೊರಡ್ತೀನಿ."

ಅವರು ಗಂಡನ ಮುಖದಿಂದ ಕಣ್ಣು ತೆಗೆಯದೆ ಅವನ ಮೊಣಕೈ ಹಿಡಿದು ನಿಲ್ಲಿಸಿದರು.

"ಈಗೆಲ್ಲಿಗೆ ಹೋಗ್ತೀಯೋ? ಅಲ್ಲಾಡ್ಬೇಡ. ಗೆಲ್ತಾ ಇದ್ದೀರಿ."