ಬಾಳವ್ವನಿಗೆ ಗುರುತು ಸಿಗದ ಟ್ರ್ಯಾಕ್ಟರ್

ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವನ ಸಂಕಟ ಏನೆಂದು ತಿಳಿಯಬೇಕಾದರೆ, ಕಬ್ಬಿನ ಸೀಜನ್ನಿನಲ್ಲಿ ಫ್ಯಾಕ್ಟರಿ ರಸ್ತೆಯ ಏರಿನಲ್ಲಿ ನಿಂತು ನೋಡಬೇಕು...

ಮುಧೋಳದ ಕಡೆಯ ಗುರುಪಾದನ ಟ್ರ್ಯಾಕ್ಟರ್ ಅವನಪ್ಪ ತಂದದ್ದು. ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಆ ಏರು ಹತ್ತುವಾಗ ಅದು ಕೆಮ್ಮುತ್ತಿತ್ತು, ದಮ್ಮು ಕಟ್ಟುತ್ತಿತ್ತು, ಅರ್ಧಕ್ಕೇ ನಿಂತುಬಿಡುತ್ತಿತ್ತು.

ಹಿಂದಿನಿಂದ ಬಂದವರು ಸುಮ್ಮನೆ ಹೋಗುತ್ತಾರೆಯೇ?

"ಏನ ಗುರುಪಾದಣ್ಣ, ಇಳದು ದೂಡೂಣೇನು?"

ಆ ನಗು ಅವನ ನಿದ್ದೆಯಲ್ಲೂ ಕೇಳಿಸುತ್ತಿತ್ತು. ಕನಸಿನಲ್ಲಿ ಮಾತ್ರ ಅವನ ಟ್ರ್ಯಾಕ್ಟರ್ ಸರಸರನೆ ಏರು ಹತ್ತಿ... ಕಬ್ಬಿನ ತುದಿಯ ಹೂವಿನ ಸೂಲಂಗಿಗಳ ಮೇಲೆ ತೇಲಿ, ಮೋಡದ ಕಡೆ ಹೊರಟುಬಿಡುತ್ತಿತ್ತು.

ಕೊನೆಗೆ ಹಾಸಿಂಪೀರ್ ಮೇಸ್ತ್ರಿಯ ಗ್ಯಾರೇಜಿಗೆ ತಂದು ನಿಲ್ಲಿಸಿದ.

"ಸ್ಟ್ರೋಕ್ ಜಾಸ್ತಿ ಮಾಡೂಣು," ಅಂದ ಮೇಸ್ತ್ರಿ. "ಒಳಗ ಪಿಸ್ಟನ್ ಮ್ಯಾಲ ಕೆಳಗ ಓಡಾಡೋ ದೂರ ಹೆಚ್ಚಾತಂದ್ರ, ಒಂದೊಂದ ಉಸಿರಿಗೆ ಗಾಳಿ ಹೆಚ್ಚ ಎಳಕೋತೈತಿ. ಪವರ್ ತಾನ ಬರ್ತೈತಿ."

ಇಂಥ ಕೆಲಸಕ್ಕೆ ಕೈ ಹಾಕುವ ಗಂಡಸು ಮನೆಯಲ್ಲಿ ಬಾಯಿ ಬಿಡುವುದುಂಟೇ? "ಸಣ್ಣ ರಿಪೇರಿ ಐತಿ" ಎಂದಷ್ಟೇ ಹೇಳಿದ.

ಪಿಸ್ಟನ್ ಓಡಾಡಿಸುವ ಕ್ರ್ಯಾಂಕ್ ಸವೆಸಿ ಹೊಸ ಅಳತೆಗೆ ತಂದರು. ಹೊಸ ಪಿಸ್ಟನ್ ಕೂರಿಸಿದರು. ಸ್ಟಾರ್ಟ್ ಮಾಡಿದರೆ... ಅಬ್ಬಾ! ಕೆಮ್ಮಿಲ್ಲ, ದಮ್ಮಿಲ್ಲ. ಹೊಟ್ಟೆಯಾಳದಿಂದ ಬಂದಂಥ ಗಟ್ಟಿ ದನಿ.

ಅವತ್ತು ದೂಡೂಣೇನು ಅಂದವರನ್ನೇ ಹಿಂದೆ ಹಾಕಿ ಏರು ಹತ್ತಿದ. ಸಂಜೆ ಮನೆಗೆ ಬರುವಾಗ, ಗಾಲಿ ನೆಲ ಮುಟ್ಟುತ್ತಿದೆಯೋ ಇಲ್ಲವೋ ಎಂದು ಅವನಿಗೇ ಅನುಮಾನ!

ಮನೆ ಮುಂದಿನ ಕಟ್ಟೆಯ ಮೇಲೆ ತಾಯಿ ಬಾಳವ್ವ ಕೂತಿದ್ದಳು. ಅವಳ ಕಣ್ಣು ಹೋಗಿ ಬಹಳ ವರ್ಷವಾಗಿತ್ತು.

ಟ್ರ್ಯಾಕ್ಟರ್ ಅವಳೆದುರಿಗೇ ಬಂದು ನಿಂತಿತು. ಬಾಳವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಯಾರಪಾ ಬಂದವರು? ನಮ್ಮ ಗುರುಪಾದ ಇನ್ನೂ ಬಂದಿಲ್ಲ..."

"ಯವ್ವಾ, ನಾನ!" ಗುರುಪಾದ ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ಅವನು ಅದನ್ನು ಅಲ್ಲಿಗೇ ಮರೆತ.

ಆದರೆ ಊಟಕ್ಕೆ ಕೂತಾಗ ರೊಟ್ಟಿ ತಣ್ಣಗಿತ್ತು... ಮರುದಿನವೂ ತಣ್ಣಗೆ. ಅದರ ಮರುದಿನವೂ.

ಹೆಂಡತಿ ಕಸ್ತೂರಿಯ ಮೇಲೆ ರೇಗಿದ. "ಬಿಸಿ ರೊಟ್ಟಿ ಬಡಿಯಾಕ ಏನ ಧಾಡಿ ನಿನಗ?"

ಕಸ್ತೂರಿ ಒಳಮನೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದಳು.

"ನಿಮ್ಮ ಟ್ರ್ಯಾಕ್ಟರ್ ಕಾಲುವಿ ತಿರುವಿನಾಗ ಇದ್ದಾಗ್ಲೇ ಅತ್ತಿ ಕೂಗತಿದ್ರು... 'ಬಂದ್ನವಾ, ಹಂಚ ಇಡು' ಅಂತ. ಈಗ ಯಾರ್ಯಾರದೋ ಟ್ರ್ಯಾಕ್ಟರ್‌ಗೆ ಕೂಗತಾರ, ಬಡದ ರೊಟ್ಟಿ ಆರತಾವ. ನೀವು ಬಂದಾಗ ಸುಮ್ಮ ಕುಂತಿರ್ತಾರ."

ರೊಟ್ಟಿ ಬುಟ್ಟಿ ಪಕ್ಕಕ್ಕಿಟ್ಟು ಅವಳು ಹತ್ತಿರ ಸರಿದಳು.

"ನಿನ್ನೆ ಅತ್ತಬಿಟ್ರು. 'ಕಣ್ಣ ಹೋದುವು, ಈಗ ಕಿವೀನೂ ಹೋದುವು. ನನ್ನ ಮಗ ಬರೂದ ನನಗ ತಿಳಿವಲ್ದು. ಇನ್ನ ಈ ಮನ್ಯಾಗ ನಂದೇನ ಕೆಲಸ ಉಳೀತವಾ?' ಅಂದ್ರು. ಸಪ್ಪಳ ಬ್ಯಾರೆ ಆಗೇತಿ ಅಂತ ನಾ ಹೇಳಿದ್ರ, ಸಮಾಧಾನಕ್ಕ ಹೇಳ್ತಿ ಅಂತಾರ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿದ್ರು..."

ತುತ್ತು ಅವನ ಕೈಯಲ್ಲೇ ಉಳಿಯಿತು. ಏರು ಹತ್ತಿದ ಖುಷಿಯೆಲ್ಲ ಜರ್ರನೆ ಇಳಿದುಹೋಯಿತು.

ಬೆಳಗಾಗುತ್ತಲೇ ಗ್ಯಾರೇಜಿಗೆ ಓಡಿದ. "ಮೇಸ್ತ್ರಿ, ಮೊದಲಿನಂಗ ಮಾಡಿಕೊಡ್ರಿ. ನನಗ ಪವರ್ ಬ್ಯಾಡ."

"ಹುಚ್ಚ ಹಿಡದೈತೇನಪಾ? ಸವದ ಕಬ್ಬಿಣ ಮತ್ತ ಬೆಳಿತೈತೇನು? ಈ ಮಾಡಲ್ಲಿನ ಬ್ಯಾರೆ ಕ್ರ್ಯಾಂಕ್ ಈಗ ಎಲ್ಲಿ ಹುಡುಕಿದ್ರೂ ಸಿಗೂದಿಲ್ಲ."

ಆ ಸಂಜೆ ಗುರುಪಾದ ಎಂಜಿನ್ ಆಫ್ ಮಾಡದೆ ಇಳಿದು ಬಂದು, ತಾಯಿಯ ಎರಡೂ ಕೈ ಹಿಡಿದುಕೊಂಡ.

"ಯವ್ವಾ... ನಿನ್ನ ಕಿವಿ ಕೆಟ್ಟಿಲ್ಲ. ಎಂಜಿನ್ ಬಿಚ್ಚಿಸಿ ಇದರ ದನೀನ ಬದಲ ಮಾಡಿಸೇನಿ. ನಿನಗೊಂದ ಮಾತ ಹೇಳಲಿಲ್ಲ. ತಪ್ಪಾತು."

"ಭಾಡ್ಯಾ! ಮೊದಲ ಹೇಳಾಕ ಏನಾಗಿತ್ತೋ ನಿನಗ?" ಬೈಯುತ್ತಲೇ ಅವನ ಕೆನ್ನೆ ತಡವಿ ಕಣ್ಣೀರು ಒರೆಸಿದಳು. ಆಮೇಲೆ, "ಮ್ಯಾಲ ಹತ್ತಿಸು ನನ್ನ," ಅಂದಳು.

ಅವಳನ್ನು ಮಗ್ಗುಲಿಗೆ ಕೂರಿಸಿಕೊಂಡು, ಒಂದು ಕೈಯಲ್ಲಿ ತಬ್ಬಿ ಹಿಡಿದು, ಮೊದಲ ಗೇರಿನಲ್ಲೇ ಹೊಲದ ಸುತ್ತ ಹೊರಟ.

ಹೊತ್ತು ಮುಳುಗುತ್ತಿತ್ತು... ಬೆಳ್ಳನೆಯ ಸೂಲಂಗಿಗಳು ನಿಧಾನ ತೂಗುತ್ತಿದ್ದವು. ಕಾಲುವೆಯ ತಂಪು ಮುಖಕ್ಕೆ ಬಡಿಯುತ್ತಿತ್ತು. ಬಾಳವ್ವ ಅಂಗೈಯನ್ನು ಮಡ್ಗಾರ್ಡಿಗೆ ಒತ್ತಿ, ಕತ್ತು ವಾಲಿಸಿ ಕೇಳುತ್ತಲೇ ಇದ್ದಳು.

"ಇನ್ನೊಂದ ಸುತ್ತ ಹೊಡಿ..."

ಹೊಡೆದ.

"ಇನ್ನೂ ಒಂದು..."

ಬಹಳ ಹೊತ್ತಿನ ಮೇಲೆ ಮೆಲ್ಲಗೆ ಅಂದಳು: "ಸಂಜೀಕ ಇದರ ಸಪ್ಪಳ ಕೇಳಿದಾಗೆಲ್ಲ ನನಗ ನಿಮ್ಮಪ್ಪ ಬಂದಂಗ ಆಗತಿತ್ತೋ. ಅವರು ಹೋದ ಮ್ಯಾಲೂ ದಿನಾ ಬರತಿದ್ರು..."

ಇದು ಗುರುಪಾದನಿಗೆ ಗೊತ್ತೇ ಇರಲಿಲ್ಲ!

"ಎಂಥಾ ಕೆಲಸ ಮಾಡಿಬಿಟ್ನಿ ಯವ್ವಾ..." ಸ್ಟೀರಿಂಗ್ ಹಿಡಿದುಕೊಂಡೇ ಬಿಕ್ಕಿದ.

"ಅಳಬ್ಯಾಡೋ ಹುಚ್ಚಪ್ಪ. ಅವರ ಸಪ್ಪಳ ನನ್ನ ಎದ್ಯಾಗ ಐತಿ, ಅದನ್ನ ಯಾವ ಮೇಸ್ತ್ರೀನೂ ಬಿಚ್ಚಾಕ ಆಗೂದಿಲ್ಲ. ಇದು ನಿಂದು. ಗಟ್ಟಿ ಐತಿ, ಚಲೋ ಐತಿ. ಕಲೀತೀನಿ ಬಿಡು..."

ಅವನ ತಲೆ ನೇವರಿಸಿದಳು.

"ನೀ ಹುಟ್ಟಿದಾಗ ನಿನ್ನ ಅಳೂ ದನೀನೂ ನನಗ ಹೊಸದ ಇತ್ತು. ಕಲೀಲಿಲ್ಲೇನು?"

ಗುರುಪಾದ ಕಣ್ಣೊರೆಸಿಕೊಂಡು, ಅವಳು ಹೇಳದಿದ್ದರೂ ಇನ್ನೊಂದು ಸುತ್ತಿಗೆ ಸ್ಟೀರಿಂಗ್ ತಿರುಗಿಸಿದ.

ನಮ್ಮ ಶಕ್ತಿ ಹೆಚ್ಚಾದಾಗ ಚಪ್ಪಾಳೆ ತಟ್ಟುವವರು ಬಹಳ ಮಂದಿ... ಬದಲಾದ ನಮ್ಮನ್ನು ಮತ್ತೆ ಮೊದಲಿನಿಂದ ಕಲಿಯುವವರೇ ನಮ್ಮವರು.

ಈಚೆಗೆ ನೀವೂ ಬದಲಾಗಿರಬಹುದು... ನಿಮ್ಮ ದಾರಿಗೆ ಕಿವಿಗೊಟ್ಟು ಕೂತವರಿಗೆ ಅದನ್ನೊಂದು ಮಾತು ಹೇಳಿದ್ದೀರಾ?